ರಾಹುಕಾಲಕ್ಕೆ ಮುಂಚೆ ಕೊಂಡ ಲ್ಯಾಪ್‌ಟಾಪು

ಪ್ರತಿ ವರ್ಷ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಆಗಲೇಬೇಕು. ಈಳಿಗೆಮಣೆ, ಇಕ್ಕಳ, ಸುತ್ತಿಗೆ, ನನ್ನ ಸ್ಕೂಟರಿನ ಕೀ, ನನ್ನವಳ ಹೊಲಿಗೆ ಕತ್ತರಿ ಎಲ್ಲ ಮಣೆಯ ಮೇಲೆ ಸಾಲಾಗಿ ಕೂತ ಮೇಲೆ ನಾನು ಬೀರುವಿನ ಕೆಳಗಿನ ಖಾನೆಯಿಂದ ಒಂದು ಪುಟ್ಟ ಕಪ್ಪು ಲ್ಯಾಪ್‌ಟಾಪು ತಂದು ಅವುಗಳ ಪಕ್ಕ ಇಡುತ್ತೇನೆ. ಶಾಲೆಯ ಹಾಜರಿ ಪುಸ್ತಕದಷ್ಟು ಉದ್ದಗಲ, ಅಷ್ಟೇ. ಅದು ಕಣ್ಣು ಬಿಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಮುಚ್ಚಳದ ಮೇಲೆ ಹೊಟ್ಟೆ ಬಿಟ್ಟುಕೊಂಡು ಕೂತ ಒಂದು ಹಕ್ಕಿಯ ಚಿತ್ರ ಅಂಟಿಸಿದೆ. ಆ ಹೊಟ್ಟೆಯ ಮೇಲೆ ವರ್ಷವರ್ಷ ಇಟ್ಟ ಕುಂಕುಮ ಒಣಗಿ ಗಟ್ಟಿಯಾಗಿದೆ.

“ಸತ್ತ ಯಂತ್ರಕ್ಕೂ ಪೂಜೆ. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ಅಂತ ಹೊರಗೆ ಯಾರ ಹತ್ರಾನೂ ಹೇಳ್ಬೇಡಿ,” ಎನ್ನುತ್ತಾಳೆ ನನ್ನವಳು. ಅನ್ನುತ್ತಲೇ ಅದಕ್ಕೂ ಒಂದು ಸೇವಂತಿಗೆ ಹೂವು ಇಡುತ್ತಾಳೆ. ಅವಳಿಗೂ ಗೊತ್ತು ಅದು ಯಾರ ಯಂತ್ರ ಅಂತ.

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಪಾಠ ಕೇಳಿದವರು ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸುತ್ತಾರೆ. “ಸಾ, ಮಗೀಗೆ ಲ್ಯಾಪ್‌ಟಾಪ್ ಕೊಡಿಸ್ಬೇಕು. ಒಳಗೆ ವಿಂಡೋಸ್ ಇರ್ಬೇಕಾ, ಲಿನಕ್ಸ್ ಇರ್ಬೇಕಾ? ನೀವು ಆ ಕಾಲ್ದಲ್ಲೇ ಲಿನಕ್ಸ್ ತಗಂಡಿದ್ರಂತೆ?” ನಾನು ಗಂಟಲು ಸರಿಮಾಡಿಕೊಂಡು ದೊಡ್ಡ ಭಾಷಣವನ್ನೇ ಕೊಡುತ್ತೇನೆ. ಯಂತ್ರವನ್ನು ಒಳಗೆ ಕೂತು ನಡೆಸುವ ವ್ಯವಸ್ಥೆ ಹಗುರವಾಗಿರಬೇಕು, ವೈರಸ್ಸಿನ ಕಾಟ ಇರಬಾರದು, ಹೀಗೆ. ಅವರು ಭಕ್ತಿಯಿಂದ ಕೇಳುತ್ತಾರೆ. ನಾನು ಅದನ್ನು ಯಾಕೆ ಕೊಂಡೆ ಎಂಬ ನಿಜ ಮಾತ್ರ ಬಾಯಿಬಿಟ್ಟಿಲ್ಲ. ನಿಮಗೆ ಹೇಳುತ್ತೇನೆ, ನಗಬೇಡಿ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹುಟ್ಟುತ್ತಿತ್ತು, ಅದಕ್ಕೆ.

ನಮ್ಮ ಕಡೆ ಜನ ಸಾಮಾನು ಕೊಳ್ಳುವ ರೀತಿಯೇ ಬೇರೆ ಬಿಡಿ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಗೆ ಮೊದಲು ಬಣ್ಣದ ಟಿ.ವಿ. ತಂದವರು ಯಾವ ಕಂಪೆನಿಯದು ತಂದರೋ, ಮುಂದಿನ ಎರಡು ವರ್ಷದಲ್ಲಿ ಇಡೀ ಬೀದಿಗೆ ಅದೇ ಕಂಪೆನಿ. ಚೆನ್ನಾಗಿದೆ ಅಂತಲ್ಲ. ಕೆಟ್ಟರೆ ಪಕ್ಕದ ಮನೆಗೆ ಬಂದ ರಿಪೇರಿಯವನನ್ನು ಹಾಗೇ ನಮ್ಮ ಮನೆಗೂ ಕರೆಯಬಹುದು ಅಂತ. ನಾನು ಮಾತ್ರ ನಾಲ್ಕು ಅಂಗಡಿ ತಿರುಗಿ, ಗುಣಾವಗುಣ ಬರೆದುಕೊಂಡು, ಲೆಕ್ಕಾಚಾರ ಹಾಕಿ ಬೇರೆ ಕಂಪೆನಿಯದು ತಂದೆ. ಅದು ಕೆಟ್ಟಾಗ ಇಡೀ ಊರಿನಲ್ಲಿ ಅದರ ಬೆನ್ನು ಬಿಚ್ಚಲು ಬರುವವರು ಯಾರೂ ಇರಲಿಲ್ಲ. ಒಂದು ಯುಗಾದಿಯಿಂದ ದೀಪಾವಳಿಯವರೆಗೆ ಮಕ್ಕಳು ಪಕ್ಕದ ಮನೆಯಲ್ಲಿ ಕೂತು ಟಿ.ವಿ. ನೋಡಿದರು. ಇಷ್ಟಾದರೂ ನನಗೆ ಬುದ್ಧಿ ಬಂತು ಅಂತ ತಿಳಿಯಬೇಡಿ.

ಲ್ಯಾಪ್‌ಟಾಪು ಬೇಕಾಗಿದ್ದು ನನಗಲ್ಲ, ನಮ್ಮ ದೊಡ್ಡಪ್ಪನಿಗೆ. ನುಗ್ಗೇಹಳ್ಳಿಯ ನಾರಾಯಣ ಜೋಯಿಸರು ಅಂದರೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೆಲ್ಲ ಹೆಸರು. ಅವರು ಬರೆದ ಜಾತಕ ನೋಡಬೇಕಿತ್ತು ನೀವು. ರೂಲರು ಮುಟ್ಟದೆ ಎಳೆದ ಹನ್ನೆರಡು ಮನೆಯ ಕುಂಡಲಿ, ಕೆಂಪು ಶಾಯಿಯಲ್ಲಿ ಗೆರೆ, ಕಪ್ಪು ಶಾಯಿಯಲ್ಲಿ ಗ್ರಹಗಳು, ನಾಲ್ಕು ಮೂಲೆಗೂ ಅರಿಶಿನ. ಬೇಸಿಗೆ ರಜೆಗೆ ನಾವು ಹೋದಾಗ ಅವರು ಬರೆಯಲು ಕೂತರೆ ಪಡಸಾಲೆಯಲ್ಲಿ ಯಾರೂ ಓಡಬಾರದು, ನೆಲ ಅದುರುತ್ತದೆ. ನಾವು ಬೆಕ್ಕಿನ ಹೆಜ್ಜೆ ಇಟ್ಟು ಹಿತ್ತಲಿಗೆ ಹೋಗಿ ಅಲ್ಲಿ ಕಿರುಚಿಕೊಳ್ಳುತ್ತಿದ್ದೆವು. ನನಗೆ ಅಕ್ಷರಾಭ್ಯಾಸ ಮಾಡಿಸಿದವರೂ ಅವರೇ. ತಟ್ಟೆಯಲ್ಲಿ ಅಕ್ಕಿ ಹರಡಿ, ನನ್ನ ಬೆರಳು ಹಿಡಿದು “ಅ” ಬರೆಸಿದ್ದರು. ಆ ಕೈ ಬೆಚ್ಚಗಿತ್ತು, ಗಟ್ಟಿಯಾಗಿತ್ತು ಅನ್ನುವುದು ಇನ್ನೂ ನೆನಪಿದೆ.

ಆ ಕೈ ಎಪ್ಪತ್ತೈದರ ಮೇಲೆ ನಡುಗಲು ಶುರುವಾಯಿತು. ಕಣ್ಣೂ ಮಂಜು. ಆದರೂ ಬರೆಯುವುದು ಬಿಡಲಿಲ್ಲ. ಆ ಹೊತ್ತಿಗೆ ಅರಕಲಗೂಡಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಶಿವಣ್ಣನವರು ಮಗಳು ರತ್ನಳ ಜಾತಕ ಬರೆಸಿಕೊಂಡು ಹೋದರು. ದೊಡ್ಡಪ್ಪ ಲೆಕ್ಕವನ್ನೇನೋ ಸರಿಯಾಗಿಯೇ ಹಾಕಿದ್ದರು. ಬರೆಯುವಾಗ ಕೈ ಒಂದು ಗೆರೆ ಆಚೆ ಜಾರಿ, ಆರನೇ ಮನೆಯಲ್ಲಿ ಕೂರಬೇಕಾದ ಕುಜ ಏಳನೇ ಮನೆಯಲ್ಲಿ ಕೂತ. ಏಳರಲ್ಲಿ ಕುಜ ಅಂದರೆ ಗೊತ್ತಲ್ಲ, ಕುಜದೋಷ. ಗಂಡಿನ ಕಡೆಯವರು ಜಾತಕ ನೋಡಿ ಒಲ್ಲೆ ಅಂದುಬಿಟ್ಟರು. ಆಮೇಲೆ ಇನ್ನಾರೋ ಪರೀಕ್ಷೆ ಮಾಡಿ ಇದು ತಪ್ಪು ಅಂದರು. ಅಷ್ಟರಲ್ಲಿ ಆ ಹುಡುಗನಿಗೆ ಬೇರೆ ಕಡೆ ನಿಶ್ಚಯವಾಗಿತ್ತು.

ಶಿವಣ್ಣನವರು ಬಂದು ಬೈಯಲಿಲ್ಲ, ಕೂಗಾಡಲಿಲ್ಲ. ಕಾಗದ ಮುಂದಿಟ್ಟು, “ಒಂದ್ಸಲ ನೋಡಿ ಸ್ವಾಮಿ,” ಅಂದರು, ಅಷ್ಟೇ. ದೊಡ್ಡಪ್ಪ ಭೂತಗನ್ನಡಿ ಹಿಡಿದು ನೋಡಿದರು. ಅವತ್ತು ಮುಚ್ಚಿದ ಶಾಯಿ ಬಾಟ್ಲಿ ಮತ್ತೆ ತೆಗೆಯಲಿಲ್ಲ. ಎಂಟು ತಿಂಗಳು. ಬಂದವರಿಗೆಲ್ಲ “ಚನ್ನರಾಯಪಟ್ಟಣದಲ್ಲಿ ಕಂಪ್ಯೂಟರಲ್ಲಿ ತೆಗೆದುಕೊಡ್ತಾರೆ, ಅಲ್ಲಿಗೆ ಹೋಗಿ” ಎಂದು ಹೇಳಿ, ಜಗಲಿಯ ಮೇಲೆ ಕೈಯನ್ನು ಪಂಚೆಯೊಳಗೆ ಬಚ್ಚಿಟ್ಟುಕೊಂಡು ಕೂರುತ್ತಿದ್ದರು. “ಊಟ ಸೇರ್ತಿಲ್ಲ ಕಣೋ ಸುಬ್ಬು, ಏನಾದ್ರೂ ಮಾಡು,” ಎಂದು ದೊಡ್ಡಮ್ಮ ನನ್ನ ಮುಂದೆ ಕಣ್ಣೊರೆಸಿಕೊಂಡರು.

ನಾನು ಮಾಡಿದ್ದೇನೆಂದರೆ, ನನಗೆ ಬಹಳ ತಿಳಿದಿದೆ ಅಂದುಕೊಂಡದ್ದು. ಆಗ ತಾನೇ ಹಾಸನದಲ್ಲಿ ಶಿಕ್ಷಕರಿಗೆ ಹತ್ತು ದಿನದ ಕಂಪ್ಯೂಟರ್ ತರಬೇತಿ ಮುಗಿಸಿ, ಮೌಸಿನಲ್ಲಿ ಒಂದು ಮನೆ, ಎರಡು ತೆಂಗಿನಮರ ಬರೆಯಲು ಕಲಿತಿದ್ದೆ. ಜಾತಕ ತೆಗೆಯುವ ಒಂದು ಸಿ.ಡಿ. ಯಾರಿಂದಲೋ ದುಡ್ಡು ಕೊಟ್ಟು ತರಿಸಿದೆ. ಎರಡು ಸಾವಿರದ ಒಂಬತ್ತರ ಸುಮಾರು ಅದು, ಸಣ್ಣ ಲ್ಯಾಪ್‌ಟಾಪುಗಳು ಅಂಗಡಿಗೆ ಬಂದಿದ್ದವು. ಒಂದೇ ಯಂತ್ರ, ಒಳಗಿನ ವ್ಯವಸ್ಥೆ ಮಾತ್ರ ಎರಡು ಬಗೆ. ಸಿ.ಡಿ. ಓಡುವುದು ವಿಂಡೋಸ್‌ನಲ್ಲಿ ಮಾತ್ರ ಎಂದು ಅದರ ಡಬ್ಬಿಯ ಮೇಲೆಯೇ ಬರೆದಿತ್ತು. ನಾನೂ ಓದಿದ್ದೆ.

ದೊಡ್ಡಪ್ಪ ಶುಕ್ರವಾರವೇ ಆಗಬೇಕು ಅಂದು, ಹಿಂದಿನ ಸಂಜೆಯೇ ನಮ್ಮ ಮನೆಗೆ ಬಂದು ಉಳಿದರು. ನಾನು ಶಾಲೆಗೆ ಸಿ.ಎಲ್. ರಜೆ ಹಾಕಿ ಅವರ ಜೊತೆ ಹೊರಟೆ. ಹೊಳೆನರಸೀಪುರದಿಂದ ಹೊರಟ ಬಸ್ಸಿನ ಡ್ರೈವರು ದಾರಿಯಲ್ಲಿ ತಿಂಡಿಗೆ ಇಳಿದವನು ಬೇಗ ಹತ್ತಲಿಲ್ಲ. ಹಾಸನದ ಅಂಗಡಿ ಮುಟ್ಟಿದಾಗ ಹತ್ತೂಕಾಲು. ಅಂಗಡಿಯವರು ಊದುಬತ್ತಿ ಹಚ್ಚಿ ಆಗಷ್ಟೇ ಕೂತಿದ್ದರು.

“ವಿಂಡೋಸ್‌ದು ಕೊಡಿ,” ಅಂದೆ.

“ಅದು ಗೋಡೌನಲ್ಲೈತೆ ಸಾ. ಅರ್ದ ಗಂಟೆ ಕೂತ್ಕಳಿ, ತರಿಸ್ತೀನಿ. ಈ ಲಿನಕ್ಸ್‌ದು ಬೇಕಾದ್ರೆ ಈಗ್ಲೇ ತಗಂಡೋಗಿ. ಮಿಸನ್ನು ಎಲ್ಡೂ ಒಂದೇಯ.”

ದೊಡ್ಡಪ್ಪ ಕೀಲಿ ಕೊಡುವ ಕೈಗಡಿಯಾರವನ್ನು ಕಣ್ಣಿನ ಹತ್ತಿರ ತಂದುಕೊಂಡರು. “ಲೋ ಸುಬ್ಬು, ಇನ್ನು ಹತ್ತು ನಿಮಿಷಕ್ಕೆ ರಾಹುಕಾಲ. ಹನ್ನೆರಡರವರೆಗೆ ಕೂರಕ್ಕಾಗುತ್ತೇನೋ? ಎರಡೂ ಒಂದೇ ಅಂತಿದಾರಲ್ಲ.” ಆಮೇಲೆ ಡಬ್ಬಿಯ ಮೇಲೆ ಲಿನಕ್ಸಿನ ಗುರುತಾಗಿದ್ದ ಪೆಂಗ್ವಿನ್ ಹಕ್ಕಿಯನ್ನು ಬಗ್ಗಿ ನೋಡಿದರು. “ಊಟ ಮುಗಿಸಿ ಕೂತಿರೋ ಹಾಗಿದೆ. ಲಕ್ಷಣವಾಗಿದೆ. ಇದೇ ಆಗಲಿ.”

ಇಲ್ಲ ದೊಡ್ಡಪ್ಪ, ಇದರಲ್ಲಿ ನಮ್ಮ ಸಿ.ಡಿ. ಓಡೋಲ್ಲ, ಹನ್ನೆರಡಕ್ಕೆ ಬರೋಣ, ಕಾಫಿ ಕುಡಿಯೋಣ ಬನ್ನಿ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ತರಗತಿಯಲ್ಲಿ ರಾಹುಕಾಲ ಗೀಹುಕಾಲ ಎಲ್ಲ ಸುಳ್ಳು ಎಂದು ಮೇಜು ಕುಟ್ಟಿ ಹೇಳುವವನು ನಾನು. ಅವತ್ತು ಗಡಿಯಾರ ನೋಡಿ ನನಗೇ ಬೆವರು ಕಿತ್ತುಕೊಂಡಿತು. ಇವರ ಕೆಲಸ ಇವರಿಗೆ ಮತ್ತೆ ಸಿಗಲಿ ಎಂದು ಕೊಳ್ಳುತ್ತಿರುವ ಸಾಮಾನು, ಇದಕ್ಕೆ ಯಾಕೆ ಅಪಶಕುನ ಅಂತ ಒಳಗೆ ಯಾರೋ ಹೇಳಿದ ಹಾಗಾಯಿತು. ಹತ್ತು ಇಪ್ಪತ್ತೆಂಟಕ್ಕೆ ದುಡ್ಡು ಎಣಿಸಿಕೊಟ್ಟೆ. “ಬಿಲ್ಲು ಇಟ್ಕಂಡಿರಿ ಸಾ, ಎಂಟು ದಿನದಾಗೆ ತಂದ್ರೆ ಬದ್ಲಾಯಿಸ್ಕೊಡ್ತೀನಿ,” ಎಂದರು ಅಂಗಡಿಯವರು, ನನ್ನ ಮುಖ ನೋಡಿ.

ಹೊಳೆನರಸೀಪುರದ ನಮ್ಮ ಮನೆಗೆ ಬಂದು ಹಚ್ಚಿದೆವು. ಮೊದಲು ಅದು ಯಾವ ಭಾಷೆ ಬೇಕು ಎಂದು ಕೇಳಿತು, ಉದ್ದನೆಯ ಪಟ್ಟಿ. ನಾನು ಇಂಗ್ಲಿಷಿನ ಮೇಲೆ ಒತ್ತುವಷ್ಟರಲ್ಲಿ ದೊಡ್ಡಪ್ಪ ಭೂತಗನ್ನಡಿ ಪರದೆಗೆ ಹಿಡಿದು, “ತಡಿ, ಅಲ್ಲಿ ಕನ್ನಡ ಅಂತಿದೆ, ಅದನ್ನ ಒತ್ತು,” ಎಂದರು. ಒತ್ತಿದೆ. ಕಡತ, ಸಂಪಾದನೆ, ಉಪಕರಣಗಳು ಎಂದೆಲ್ಲ ಬಂತು. ಕೆಲವು ಕಡೆ ಕನ್ನಡ ಸಾಲದೆ ಇಂಗ್ಲಿಷೇ ಉಳಿದುಕೊಂಡಿತ್ತು, ನಾವು ಮಾತಾಡುವ ಹಾಗೇ. ಕೊನೆಯಲ್ಲಿ “ನಿರ್ಗಮಿಸು” ಅಂತಿತ್ತು. “ಏಕವಚನದಲ್ಲಿ ಕರೀತಾ ಇದೆ ನೋಡು, ಹಿರಿಯರು ಕಿರಿಯರು ಅಂತ ಇಲ್ಲ,” ಎಂದು ದೊಡ್ಡಪ್ಪ ನಕ್ಕರು. ಎಂಟು ತಿಂಗಳ ಮೇಲೆ ಅವರು ನಕ್ಕದ್ದು ನೋಡಿ ನಾನು ಹಿಗ್ಗಿಹೋದೆ. ಆಮೇಲೆ ಸಿ.ಡಿ. ಹಾಕೋಣ ಎಂದು ಹುಡುಕಿದರೆ ಹಾಕಲು ಜಾಗವೇ ಇಲ್ಲ. ಅವರು ಯಂತ್ರವನ್ನು ಕೈಗೆತ್ತಿಕೊಂಡು ಸುತ್ತಲೂ ತಿರುಗಿಸಿ ನೋಡಿ, “ಇದಕ್ಕೆ ಬಾಯೇ ಇಲ್ವಲ್ಲೋ,” ಎಂದರು.

ಮರುದಿನ ಶನಿವಾರ, ಶಾಲೆ ಮುಗಿಸಿ ಅವರನ್ನು ಊರಿಗೆ ಬಿಡಲು ಹೊರಟವನು ಚನ್ನರಾಯಪಟ್ಟಣದಲ್ಲಿ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯ ರಂಗಸ್ವಾಮಿ ಒಮ್ಮೆ ನೋಡಿ ಕೈ ಆಡಿಸಿಬಿಟ್ಟ.

“ಇದನ್ಯಾಕ್ ತಗಂಡ್ರಿ ಸಾ? ಸಿ.ಡಿ.ನ ಪೆನ್‌ಡ್ರೈವಿಗೆ ಹಾಕ್ಕೊಟ್ರೂ ಇದ್ರಾಗೆ ನಿಮ್ ಜಾತಕ ಓಡಾಕಿಲ್ಲ. ಒಳ್ಳೇದೇ ಇರ್ಬೋದು ಕಣ್ರೀ, ಬ್ಯಾಡ ಅನ್ನಲ್ಲ. ಆದ್ರೆ ಕೆಟ್ರೆ ಈ ತಾಲ್ಲೂಕಲ್ಲಿ ಕೇಳಾಕೆ ಯಾರವ್ರೆ? ಜನ ವಿಂಡೋಸ್ ತಗಳಾದೇ ಅದ್ಕೆ.” ಟಿ.ವಿ.ಯ ಕತೆ ನೆನಪಾಗಿ ನಾನು ತಲೆ ತಗ್ಗಿಸಿದೆ. “ಇರ್ಲಿ ಬುಡಿ, ನನ್ತಾವ ವಿಂಡೋಸ್ ಕಾಪಿ ಅದೆ, ಹಾಕ್ಕೊಡ್ತೀನಿ. ಎಲ್ರೂ ಅಂಗೇ ಮಾಡಾದು.”

ಬೆಂಚಿನ ಮೇಲೆ ಕೂತಿದ್ದ ದೊಡ್ಡಪ್ಪ ಕೇಳಿದರು, “ಅದು ನಿಂದೇನಪ್ಪ?”

“ನಂದೆಲ್ಲಿ ಸ್ವಾಮಿ, ಯಾರ್ದೋ ಕಂಪ್ನೀದು.”

“ಅವರನ್ನ ಕೇಳಿದ್ಯಾ?”

ರಂಗಸ್ವಾಮಿ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. “ಕೇಳದೆ ತಂದಿದ್ದರಲ್ಲಿ ಒಂದು ಮಗುವಿನ ಜಾತಕ ಬರೀಲೇನೋ? ಬೇಡ, ನಡಿ,” ಎಂದು ದೊಡ್ಡಪ್ಪ ಎದ್ದುಬಿಟ್ಟರು. ನುಗ್ಗೇಹಳ್ಳಿ ಬಂದ ಮೇಲೆ, ಯಂತ್ರ ಇಲ್ಲೇ ಇರಲಿ, ಗುರುವಾರ ಬಂದು ತಗೊಂಡು ಹೋಗಿ ಶುಕ್ರವಾರ ಹಾಸನದಲ್ಲಿ ಬದಲಾಯಿಸಿ ತರುತ್ತೇನೆ ಎಂದೆ. ಅವರು “ಹೂಂ” ಎಂದು ಕೈಯನ್ನು ಪಂಚೆಯೊಳಗೆ ಇಟ್ಟುಕೊಂಡರು. ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು. ಹೊರಡುವ ಮುಂಚೆ, ಏನಾದರೂ ಮಾಡಿದೆ ಅನ್ನಿಸಿಕೊಳ್ಳಲಿಕ್ಕೆ, ಆ ಯಂತ್ರದಲ್ಲಿ ಹನ್ನೆರಡು ಮನೆಯ ಒಂದು ಖಾಲಿ ಕುಂಡಲಿಯನ್ನು ಕೋಷ್ಟಕದ ಹಾಗೆ ಎಳೆದು, ಅಕ್ಷರ ಹೇಗೆ ಮೂಡಿಸುವುದು ಎಂದು ತೋರಿಸಿಕೊಟ್ಟೆ. ಹಳೆಯ ಕ್ಯಾಲೆಂಡರಿನಿಂದ ಕನ್ನಡದ ಅಕ್ಷರ ಕತ್ತರಿಸಿ ಕೀಗಳ ಮೇಲೆ ಅಂಟಿಸಿದೆ. ದೊಡ್ಡಪ್ಪ “ಕ” ಒತ್ತಿದರು. ಕೈ ನಡುಗಿ ಪರದೆಯ ಮೇಲೆ ಐದಾರು “ಕ” ಸಾಲಾಗಿ ಬಿದ್ದವು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಬುಧವಾರ ಫೋನು ಬಂತು. ದೊಡ್ಡಪ್ಪ ಫೋನಿನಲ್ಲಿ ಯಾವಾಗಲೂ ಕೂಗಿಯೇ ಮಾತಾಡುವುದು. “ಲೋ ಸುಬ್ಬು! ಬದಲಾಯಿಸೋದು ಬೇಡ. ಬೇಗ ಬಾ.”

ಹೋದೆ. ಪಡಸಾಲೆಯಲ್ಲಿ ಅವರ ಹಳೆಯ ಇಳಿಜಾರು ಡೆಸ್ಕಿನ ಮೇಲೆ ಯಂತ್ರ ಕೂತಿದೆ, ಪಕ್ಕದಲ್ಲಿ ಪಂಚಾಂಗ. ನಡೆದದ್ದು ಇಷ್ಟು. ನಾವೆಲ್ಲ ಹೊಸ ಯಂತ್ರ ಬಂದರೆ ಬೇಕಾದ್ದನ್ನು ಒತ್ತುತ್ತೇವೆ, ಬೇಡದ್ದರ ತಂಟೆಗೆ ಹೋಗುವುದಿಲ್ಲ. ದೊಡ್ಡಪ್ಪ ಹಾಗಲ್ಲ. ಹೊಸ ಪಂಚಾಂಗ ಬಂದರೆ ಮೊದಲ ರಟ್ಟಿನಿಂದ ಕೊನೆಯ ರಟ್ಟಿನವರೆಗೆ ಒಂದಕ್ಷರ ಬಿಡದೆ ಓದಿಯೇ ಉಪಯೋಗಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವರದು. ಅಕ್ಷರವನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು, ಮೊದಲ ಎರಡು ದಿನ ಆ ಯಂತ್ರದ ಒಂದೊಂದು ಪಟ್ಟಿಯನ್ನೂ ತೆರೆದು ಪೂರ್ತಿ ಓದಿದ್ದರು. ಕನ್ನಡದಲ್ಲಿ ಇತ್ತಲ್ಲ, ಓದಿದರು.

“ಇಲ್ಲಿ ನೋಡು,” ಎಂದು ಒಂದು ಸಾಲು ತೋರಿಸಿದರು. ಒಂದೇ ಕೀಲಿಯನ್ನು ಬೇಗಬೇಗ ಮತ್ತೆ ಒತ್ತಿದಲ್ಲಿ ಉಪೇಕ್ಷಿಸು ಎಂದು ಬರೆದಿತ್ತು. ಅದರ ಪಕ್ಕದ ಚೌಕದಲ್ಲಿ ದೊಡ್ಡಪ್ಪ ಗುರುತು ಹಾಕಿದ್ದರು.

“ಉಪೇಕ್ಷಿಸು ಅಂತ ಬರೆದಿದಾರೆ ಕಣೋ. ಕೈ ನಡುಗಿದರೆ ಅದನ್ನ ಲೆಕ್ಕಕ್ಕೆ ಹಿಡೀಬೇಡ ಅಂತ. ಯಾರೋ ಪುಣ್ಯಾತ್ಮರು, ನನ್ನಂಥವನು ಒಬ್ಬ ಇರ್ತಾನೆ ಅಂತ ನೆನೆಸಿಕೊಂಡು ಬರೆದಿದಾರೆ.” ಅವರು “ಕ” ಒತ್ತಿದರು. ಬೆರಳು ಕೀಯ ಮೇಲೆ ಪಟಪಟ ಕುಣಿಯಿತು. ಪರದೆಯ ಮೇಲೆ ಒಂದೇ ಒಂದು “ಕ” ಬಂತು. ನಿಜ ಹೇಳುತ್ತೇನೆ, ನನಗೆ ಅಳು ಬಂತು. ಇಂಥ ಅನುಕೂಲ ವಿಂಡೋಸ್‌ನಲ್ಲೂ ಇತ್ತು ಎಂದು ಆಮೇಲೆ ತಿಳಿಯಿತು. ನನಗೆ ಸಿಗುತ್ತಿದ್ದುದರಲ್ಲಿ ಅದು ಇಂಗ್ಲಿಷಿನಲ್ಲಿತ್ತು. ನಾನು ಓದುತ್ತಿರಲಿಲ್ಲ, ಅವರಿಗೆ ಓದಲು ಬರುತ್ತಿರಲಿಲ್ಲ.

“ಆದರೆ ಜಾತಕದ ಸಿ.ಡಿ.?” ಎಂದೆ.

“ಅದು ಯಾಕೋ ನನಗೆ? ಲೆಕ್ಕ ತಲೇಲಿದೆ. ತಪ್ಪಿದ್ದು ಲೆಕ್ಕ ಅಲ್ಲ, ಕೈ.”

ಇಷ್ಟು ಸಣ್ಣ ವಿಷಯ ಲೆಕ್ಕದ ಮೇಷ್ಟ್ರಿಗೆ ಹೊಳೆದಿರಲಿಲ್ಲ ನೋಡಿ. ನಾನು ಎಳೆದಿಟ್ಟಿದ್ದ ಕುಂಡಲಿಯನ್ನು ಅವರು ತೆರೆದರು. ಆಗಲೇ ತುಂಬಿತ್ತು. ಎರಡು ಬೆರಳಲ್ಲಿ ಎರಡು ದಿನ ಕೂತು ತುಂಬಿಸಿದ್ದರಂತೆ. ಮೇಲೆ ಹೆಸರು ಓದಿದೆ. ಅರಕಲಗೂಡಿನ ರತ್ನಳದು. ಕುಜ ಆರನೇ ಮನೆಯ ನಟ್ಟನಡುವೆ ಕೂತಿದ್ದ.

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಹೊಳೆನರಸೀಪುರಕ್ಕೆ ಬಂದರು. ತಾಲ್ಲೂಕು ಕಚೇರಿ ಎದುರಿನ ಅಂಗಡಿಯಲ್ಲಿ ಅಚ್ಚು ಹಾಕಿಸಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಇಬ್ಬರೂ ಅರಕಲಗೂಡಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಶಿವಣ್ಣನವರು ಬಾಗಿಲು ತೆಗೆಯದಿದ್ದರೆ ಏನು ಮಾಡೋದು ಎಂದು ನಾನು ಯೋಚಿಸುತ್ತಿದ್ದೆ.

ಬಾಗಿಲು ತೆಗೆದವರು ಶಿವಣ್ಣನವರೇ. “ಬನ್ನಿ ಸ್ವಾಮಿ, ಒಳಿಕ್ ಬನ್ನಿ,” ಎಂದು ಚಾಪೆ ಹಾಸಿದರು. ದೊಡ್ಡಪ್ಪ ಕೂರಲಿಲ್ಲ. “ಮಗೂನ ಕರೀರಿ,” ಎಂದರು. ರತ್ನ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದಳು. ಇಪ್ಪತ್ತೈದರ ಹುಡುಗಿ, ಗಟ್ಟಿ ಕಣ್ಣು. ದೊಡ್ಡಪ್ಪ ಎರಡೂ ಕೈಯಲ್ಲಿ ಕಾಗದ ಹಿಡಿದು ಕೊಟ್ಟರು. ಕಾಗದ ಸರಬರ ಸದ್ದು ಮಾಡುತ್ತಿತ್ತು.

“ನಿನ್ನ ಜಾತಕದಲ್ಲಿ ಯಾವ ದೋಷಾನೂ ಇಲ್ಲ ಕಣಮ್ಮ. ದೋಷ ಇದ್ದದ್ದು ನನ್ನ ಕೈಯಲ್ಲಿ. ತಪ್ಪಾಯ್ತು.”

ಆ ವಯಸ್ಸಿನ ಮನುಷ್ಯ, ತಾಲ್ಲೂಕಿಗೆಲ್ಲ ಮುಹೂರ್ತ ಇಟ್ಟುಕೊಟ್ಟವರು, ಆ ಹುಡುಗಿಯ ಮುಂದೆ ಕೈ ಮುಗಿದು ನಿಂತದ್ದು ನನಗೆ ನೋಡಲಾಗಲಿಲ್ಲ. ಶಿವಣ್ಣನವರು ಗಾಬರಿಯಾಗಿ, “ಬುಡಿ ಸ್ವಾಮಿ, ಏನ್ ಮಾತಂತ ಆಡ್ತೀರಿ. ಬೇಲೂರ್ ಕಡೆಯಿಂದ ಒಂದು ಸಂಬಂದ ಬಂದದೆ. ಜಾತ್ಕ ಕೇಳವ್ರೆ. ಏನ್ ಕೊಡಾದು ಅಂತ ಸುಮ್ಕಿದ್ದೆ. ಇದ್ನೇ ಕೊಡ್ತೀನಿ,” ಎಂದರು.

ರತ್ನ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. “ಚೆಂದಾಗದೆ ಸ್ವಾಮಿ. ಆದ್ರೆ ನೀವು ಬರ್ದಂಗಿಲ್ಲ. ಯಾರಾನ ಬರ್ದಿರ್ಬೋದು ಅಂತಾರೆ.” ಒಳಗೆ ಹೋಗಿ ಒಂದು ಪೆನ್ನು ತಂದಳು. “ಕೆಳಗೆ ನಿಮ್ಮೆಸ್ರು ಬರ್ದ್‌ಕೊಡಿ.”

ದೊಡ್ಡಪ್ಪ ಪೆನ್ನನ್ನೇ ನೋಡುತ್ತ, “ನನ್ನ ಕೈ ನೋಡ್ತಿದೀಯಲ್ಲಮ್ಮ,” ಎಂದರು.

“ನಡುಗ್ಲಿ ಬುಡಿ,” ಎಂದಳು ಅವಳು. ಚಾಪೆಯ ಮೇಲೆ ಕೂತು, ಕಾಗದವನ್ನು ಮಣೆಯ ಮೇಲಿಟ್ಟು, ಅಲುಗಾಡದ ಹಾಗೆ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಳು. ದೊಡ್ಡಪ್ಪ ಅವಳ ಎದುರಿಗೆ ಕೂತರು. ಎಂಟು ತಿಂಗಳ ಮೇಲೆ ಆ ಕೈ ಪೆನ್ನು ಹಿಡಿಯಿತು. ಒಂದೊಂದು ಅಕ್ಷರವೂ ಅತ್ತ ವಾಲಿ ಇತ್ತ ವಾಲಿ, ಕೊನೆಗೂ “ನಾರಾಯಣ ಜೋಯಿಸ” ಎಂದು ಮೂಡಿತು. ಅಕ್ಕಿಯ ತಟ್ಟೆಯಲ್ಲಿ ನಾನು ಮೊದಲ ದಿನ ಬರೆದದ್ದು ಹಾಗೇ ಇತ್ತೇನೋ. ರತ್ನ ಅದನ್ನು ಕಣ್ಣಿಗೊತ್ತಿಕೊಂಡು ಒಳಗೆ ದೇವರ ಗೂಡಿನಲ್ಲಿ ಇಟ್ಟು ಬಂದಳು.

ಊಟ ಮಾಡಿಸಿಯೇ ಕಳಿಸಿದರು. ದೊಡ್ಡಪ್ಪ ಎರಡು ಸಲ ಸಾರು ಬಡಿಸಿಕೊಂಡರು. ಹೊಳೆನರಸೀಪುರದಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. “ಬೆಳಿಗ್ಗೆಯಿಂದ ಬಸ್ಸಲ್ಲೇ ಇದೀರಿ. ಇವತ್ತು ನಮ್ಮನೇಲೇ ಇದ್ದು ನಾಳೆ ಹೋದರಾಯ್ತು ದೊಡ್ಡಪ್ಪ,” ಎಂದೆ. ಅವರು ಯಂತ್ರದ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಗೆ ಅವಚಿಕೊಂಡರು. ಕೈ ಪಂಚೆಯೊಳಗೆ ಇರಲಿಲ್ಲ.

“ಆಗೋಲ್ಲ ಕಣೋ. ಚನ್ನರಾಯಪಟ್ಟಣದ ಬಸ್ಸು ಎಲ್ಲಿದೆ ನೋಡು. ನಾಳೆ ಸೋಮವಾರ, ಏಳೂವರೆಗೇ ರಾಹುಕಾಲ ಬಂದುಬಿಡುತ್ತೆ. ಅಷ್ಟರೊಳಗೆ ಇದನ್ನ ಹಚ್ಚಬೇಕು. ಜಾತಕ ಬರೆಸಬೇಕು ಅಂತ ಇಬ್ಬರು ಬರ್ತಾರೆ.”